ಬಿಲ್ಲೆ ಇಲ್ಲದವರಿಗೆ ಸ್ಪ್ಯಾನರ್ ಇಲ್ಲ

ಈವತ್ತು ಬೆಳಿಗ್ಗೆ ಕುಕ್ಕರಿನ ಹಿಡಿ ಅಲ್ಲಾಡಿತು. ಅದೇನು ದೊಡ್ಡ ಸಂಗತಿಯಲ್ಲ, ನಿಮ್ಮ ಮನೆಯ ಕುಕ್ಕರಿನ ಹಿಡಿಯೂ ಅಲ್ಲಾಡುತ್ತಿರಬಹುದು. ನೀವಾದರೆ ಚಾಕುವಿನ ತುದಿಯಲ್ಲಿ ಸ್ಕ್ರೂ ತಿರುಗಿಸಲು ಹೋಗಿ, ಚಾಕು ಬಗ್ಗಿಸಿಕೊಂಡು, ಕೊನೆಗೆ ಮಸಿಬಟ್ಟೆಯಲ್ಲಿ ಹಿಡಿದು ಕುಕ್ಕರು ಇಳಿಸುತ್ತೀರಿ. ನಮ್ಮ ಮನೆಯಲ್ಲಿ ಹಾಗೆ ಮಾಡುವಂತಿಲ್ಲ. ನಮ್ಮಲ್ಲಿ ಇಂಥ ಕೆಲಸಕ್ಕೆಂದೇ ಒಂದು ಗೋಡೆಯಿದೆ.

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅಡುಗೆಮನೆ ದಾಟಿದರೆ ಒಂದು ಓಣಿಯಂಥ ಜಾಗ. ಬೇರೆಯವರು ಅಲ್ಲಿ ದೇವರ ಪಟ ಹಾಕುತ್ತಿದ್ದರು. ನಾವು ಹಸಿರು ಬಣ್ಣ ಬಳಿದ ದೊಡ್ಡದೊಂದು ಹಲಗೆ ಹಾಕಿದ್ದೇವೆ. ಅದರ ತುಂಬ ಮೊಳೆಗಳು, ಮೊಳೆಗಳ ತುಂಬ ಸ್ಪ್ಯಾನರು, ಸುತ್ತಿಗೆ, ಅರ, ಕೈ ಡ್ರಿಲ್ಲು. ಪ್ರತಿಯೊಂದರ ಸುತ್ತ ಬಿಳಿ ಬಣ್ಣದ ಗೆರೆ. ಸುತ್ತಿಗೆ ಎತ್ತಿಕೊಂಡರೆ ಸುತ್ತಿಗೆಯ ಆಕಾರ ಹಲಗೆಯ ಮೇಲೆ ಉಳಿಯುತ್ತದೆ. ಹತ್ತಿರ ಹೋದರೆ ಗ್ರೀಸು, ಸೀಮೆಎಣ್ಣೆ ಬೆರೆತ ವಾಸನೆ. ಈ ವಾಸನೆಗೆ ಒಗ್ಗರಣೆಯ ಘಮ ಸೇರಿದರೆ ಅದೇ ನಮ್ಮ ಮನೆಯ ವಾಸನೆ.

ಕುಕ್ಕರು ಕೈಯಲ್ಲಿ ಹಿಡಿದೇ ಹೋಗಿ ನೋಡಿದೆ. ಸ್ಕ್ರೂ ಡ್ರೈವರ್ ಇರಲಿಲ್ಲ. ಅದರ ಮೊಳೆಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ನಮ್ಮ ಮನೆಯ ಕಾನೂನಿನ ಪ್ರಕಾರ ಸಾಮಾನು ತೆಗೆದುಕೊಂಡವರು ತಮ್ಮ ಬಿಲ್ಲೆ ಅಲ್ಲಿ ಹಾಕಬೇಕು. ಯಾರದೆಂದು ನೋಡಲು ಬಗ್ಗಿದವಳು ಹಾಗೇ ನಿಂತೆ. ಅದು ಮಾವನ ಬಿಲ್ಲೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಬಿಲ್ಲೆ ಆ ಹಲಗೆಯ ಮೇಲೆ ತೂಗಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಅದರಲ್ಲೇನು ಅಂಥದ್ದು ಎನ್ನುತ್ತೀರಿ. ಬೇಳೆ ಇನ್ನಷ್ಟು ಹೊತ್ತು ನೆನೆಯಲಿ, ಹೇಳುತ್ತೇನೆ.

ಮಾವ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿ ಸಲಕರಣೆಗಳಿಗೆ ಒಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಸ್ಟೋರ್ ಕೀಪರ್. ಪ್ರತಿ ಕೆಲಸಗಾರನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆ. ಬಿಲ್ಲೆ ಕೊಟ್ಟರೆ ಸ್ಪ್ಯಾನರು, ಸ್ಪ್ಯಾನರು ಕೊಟ್ಟರೆ ಬಿಲ್ಲೆ. ಗಣಿ ಮುಚ್ಚಿದ ದಿನ ಮಾವ ಸಾಮಾನನ್ನೆಲ್ಲ ಒಪ್ಪಿಸಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದರಂತೆ. ಅಂದಿನಿಂದ ಅದು ಅವರ ಅಂಗಿಯ ಜೇಬು ಬಿಟ್ಟಿಲ್ಲ. ಸ್ನಾನಕ್ಕೆ ಹೋದರೆ ಮಾತ್ರ ಗೂಡಿನಲ್ಲಿ ಇರುತ್ತದೆ.

ಆಮೇಲೆ ಅವರು ಸುಮ್ಮನೆ ಕೂತಿದ್ದರೆ ನಮ್ಮ ಮನೆ ಎಲ್ಲರ ಮನೆಯ ಹಾಗೆ ಇರುತ್ತಿತ್ತು. ಆದರೆ ಅವರು ತರಕಾರಿ ತರಲು ಹೋದಾಗಲೆಲ್ಲ ಗುಜರಿ ಅಂಗಡಿಗಳ ಮುಂದೆ ಹಾದು ಬರುತ್ತಿದ್ದರು. ಅಲ್ಲಿ ತುಕ್ಕು ಹಿಡಿದು ಬಿದ್ದ ಹಳೆಯ ಸ್ಪ್ಯಾನರು, ಪೈಪ್ ರೆಂಚುಗಳನ್ನು ಕಂಡರೆ ಅವರ ಜೀವ ತಡೆಯುತ್ತಿರಲಿಲ್ಲ. ಬದನೆಕಾಯಿ ತರಲು ಹೋದವರ ಚೀಲದಲ್ಲಿ ಬದನೆಕಾಯಿಯ ಕೆಳಗೆ ಒಂದು ಅರವೋ, ಉಳಿಯೋ ಇರುತ್ತಿತ್ತು. ಅತ್ತೆ ಚೀಲ ಎತ್ತಿ ನೋಡಿಯೇ ಪತ್ತೆ ಹಚ್ಚುತ್ತಿದ್ದರು. "ಏನಯ್ಯಾ, ಬದ್ನೆಕಾಯಿ ಈಪಾಟಿ ಭಾರ ಅವೆ?" ಎಂದು ಕೇಳುತ್ತಿದ್ದರಂತೆ. ಮಾವ, "ನಾಟಿ ಕಣೇ" ಎನ್ನುತ್ತಿದ್ದರಂತೆ.

ಹೀಗೆ ಆಗ ಅವರಿದ್ದ ಊರಿಗಾಂನ ಗಣಿ ಕಾರ್ಮಿಕರ ಲೈನಿನ ಪುಟ್ಟ ಮನೆಯಲ್ಲಿ ಒಂದು ವರ್ಕ್‌ಶಾಪು ಎದ್ದಿತು. ಮಾವನೇ ಸ್ಟೋರ್ ಕೀಪರ್. ಮನೆಮಂದಿಗೆಲ್ಲ ಹಿತ್ತಾಳೆ ತಗಡಿನಲ್ಲಿ ಬಿಲ್ಲೆ ಕತ್ತರಿಸಿ ಕೊಟ್ಟರು. ನಂಬರು ಹೊಡೆಯಲಿಲ್ಲ. "ನಂಬರು ಗಣೀಗೆ. ಮನೇಲಿ ಯಾಕೆ?" ಎಂದು ಚಿಕ್ಕ ಮೊಳೆಯಿಂದ ಚುಕ್ಕಿ ಚುಕ್ಕಿ ಹೊಡೆದು ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಮಾಡಿದರು. ಬಿಸಿ ಲೋಟ ಹಿಡಿಯಲು ಯಾವಾಗಲೂ ಇಕ್ಕಳ ಒಯ್ಯುವ ಅತ್ತೆಗೆ ಲೋಟ. ನಮ್ಮ ಮನೆಯವರಿಗೆ ಕ್ರಿಕೆಟ್ ಬ್ಯಾಟು. ತಮ್ಮ ಬಿಲ್ಲೆ ಮಾತ್ರ ಜೇಬಿನಲ್ಲೇ. ಅಂಗಡಿಯವನು ತನಗೆ ತಾನೇ ಚೀಟಿ ಬರೆದುಕೊಳ್ಳುವುದಿಲ್ಲವಲ್ಲ.

ನಾನು ಬೂದಿಕೋಟೆಯ ಕಡೆಯವಳು. ನಮ್ಮದು ರಾಗಿ ಹೊಲ, ಹಸು, ಡೈರಿ ಕ್ಯಾನು ಕಂಡ ಮನೆ. ಕುಡುಗೋಲು, ಗುದ್ದಲಿ ನನಗೆ ಗೊತ್ತು. ರಿಂಗ್ ಸ್ಪ್ಯಾನರಿಗೂ ಪೈಪ್ ರೆಂಚಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮೊಳೆ ಹೊಡೆಯಬೇಕಾಗಿ ಸುತ್ತಿಗೆಗೆ ಕೈ ಹಾಕಿದೆ. ಹಿಂದಿನಿಂದ ಕೆಮ್ಮು ಕೇಳಿಸಿತು.

"ಬಿಲ್ಲೆ ಎಲ್ಲಮ್ಮ?"

"ನಂಗೆ ಕೊಟ್ಟಿಲ್ವಲ್ಲ ಮಾವ."

"ಸೇರಿದ್ ದಿನಾನೇ ಯಾರಿಗೂ ಕೊಡಲ್ಲ ಕಣಮ್ಮ. ಮೊದ್ಲು ಕೈ ನೋಡ್ಬೇಕು. ಅಲ್ಲೀಗಂಟ ನಿಮ್ಮತ್ತೆ ಬಿಲ್ಲೆ ಮೇಲೆ ತಕೋ."

ಮನೆಯ ಬೀಗದ ಕೈ ಕೊಟ್ಟಿದ್ದರು, ಅಕ್ಕಿ ಡಬ್ಬ ಕೊಟ್ಟಿದ್ದರು. ಬಿಲ್ಲೆ ಮಾತ್ರ ಕೊಡಲಿಲ್ಲ. ನೀವು ನಗಬಹುದು, ನನಗೆ ಅದು ಬಹಳ ಚುಚ್ಚಿತು. ನಮ್ಮ ಮನೆಯವರಿಗೆ ಮೊಳೆ ಹೊಡೆದರೆ ಮೊಳೆಗಿಂತ ಬೆರಳು ಚಪ್ಪಟೆಯಾಗುತ್ತಿತ್ತು. ಅವರಿಗೂ ಬಿಲ್ಲೆ ಇತ್ತು. ನಾನು ಮಾತ್ರ ಅತ್ತೆಯ ಲೋಟದ ಬಿಲ್ಲೆಯನ್ನು ಸಾಲ ಪಡೆದು ಓಡಾಡಬೇಕಾಗಿತ್ತು. ನನ್ನದೇ ಒಂದು ಬಿಲ್ಲೆ ಆ ಹಲಗೆಯ ಮೇಲೆ ತೂಗುವವರೆಗೆ ನಾನು ಈ ಮನೆಯ ನೆಂಟಳೇ ಹೊರತು ಮನೆಯವಳಲ್ಲ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ.

ಅಂದಮಾತ್ರಕ್ಕೆ ಆ ವರ್ಕ್‌ಶಾಪಿನಿಂದ ಮನೆಗೆ ಮಹಾ ಉಪಕಾರವಾಗುತ್ತಿತ್ತು ಎಂದುಕೊಳ್ಳಬೇಡಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದೆಂದರೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಮಾವನ ಸಾಮಾನೆಲ್ಲ ಕೋಣೆಯಷ್ಟು ದೊಡ್ಡ ಪಂಪುಗಳಿಗೆ, ಅಂಗೈಯಗಲದ ನಟ್ಟುಗಳಿಗೆ ಮಾಡಿದವು. ನಮ್ಮ ಮನೆಯಲ್ಲಿ ಇದ್ದದ್ದು ಉಪ್ಪಿನಕಾಯಿ ಬಾಟಲಿ. ಅದರ ಮುಚ್ಚಳ ಬಿಗಿಯಾಯಿತೆಂದು ಮಾವ ಪೈಪ್ ರೆಂಚು ಹಾಕಿದರು. ಮುಚ್ಚಳ ತಿರುಗಿತು, ಜೊತೆಗೆ ಬಾಟಲಿಯ ಕತ್ತೂ ಬಂತು. ಆ ವರ್ಷದ ಮಾವಿನಕಾಯಿಯೆಲ್ಲ ಗಾಜಿನ ಚೂರಿನ ಪಾಲಾಯಿತು. "ಗಾಜು ಸರಿ ಇಲ್ಲ" ಎಂದರು ಮಾವ. ಅತ್ತೆ ಒಂದು ವಾರ ಮಜ್ಜಿಗೆಯನ್ನಕ್ಕೆ ಬರೀ ಈರುಳ್ಳಿ ಹಾಕಿ ಸೇಡು ತೀರಿಸಿಕೊಂಡರು.

ಇನ್ನೊಮ್ಮೆ ಕ್ಯಾಲೆಂಡರ್ ನೇತು ಹಾಕಬೇಕಾಗಿತ್ತು. ಒಂದು ಸಣ್ಣ ಮೊಳೆ ಸಾಕಾಗಿತ್ತು. ಮಾವ ಕೈ ಡ್ರಿಲ್ಲು ತಂದು, ಎದೆಗೆ ಆನಿಸಿಕೊಂಡು, ಗಣಿಯೊಳಗೆ ಬಂಡೆ ಕೊರೆಯುವವರ ಗತ್ತಿನಲ್ಲಿ ತಿರುಗಿಸತೊಡಗಿದರು. ಲೈನಿನ ಮನೆಗಳ ನಡುಗೋಡೆ ಬಿದಿರು ತಟ್ಟಿಗೆ ಮೆತ್ತಿದ ಗಾರೆ. ಅದಕ್ಕೆ ಬಂಡೆಯ ಮರ್ಯಾದೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಗೋಡೆಯ ಆ ಕಡೆಯಿಂದ ಪಕ್ಕದ ಮನೆಯ ಸೆಲ್ವಿಯಕ್ಕನ ಕೂಗು ಕೇಳಿಸಿತು.

"ಐಯೋ, ಎನ್ನಾ ಇದು! ಮುರುಗನ್ ಪಟದಿಂದ ಕಂಬಿ ಬತ್ತಾ ಐತೆ!"

ಓಡಿಹೋಗಿ ನೋಡಿದರೆ ಡ್ರಿಲ್ಲಿನ ತುದಿ ಪಟದ ಮೂಲೆಯಲ್ಲಿ, ನವಿಲಿನ ಬಾಲದ ಪಕ್ಕದಲ್ಲಿ ಇಣುಕುತ್ತಿತ್ತು. ಮಾವ ಸ್ವಲ್ಪವೂ ಅಳುಕಲಿಲ್ಲ. "ನೋಡು, ಸಾಮೀನ ಮುಟ್ಟಿಲ್ಲ. ಎಷ್ಟು ನೇರ ಓಗೈತೆ ನೋಡು ತೂತು" ಎಂದರು. ನಿಜ ಹೇಳಬೇಕೆಂದರೆ ತೂತು ಬಹಳ ನೇರವಾಗಿತ್ತು. ಸೆಲ್ವಿಯಕ್ಕನೂ ಕೊನೆಗೆ ಅದನ್ನು ಒಪ್ಪಿಕೊಂಡರು. ಆಮೇಲೆ ಇಬ್ಬರೂ ಆ ತೂತನ್ನು ಮುಚ್ಚಲೇ ಇಲ್ಲ. ಸಕ್ಕರೆ ಬೇಕಾದರೆ ಅಲ್ಲಿಂದಲೇ ಕೂಗುತ್ತಿದ್ದೆವು.

ನಲ್ಲಿಯ ಪ್ರಸಂಗವನ್ನು ಹೇಳದಿದ್ದರೆ ಅತ್ತೆ ಬೇಸರ ಮಾಡಿಕೊಳ್ಳುತ್ತಾರೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ವಾಷರು ಬದಲಾಯಿಸಿದರೆ ಆಗುವ ಕೆಲಸ. ಮಾವ ಎಲ್ಲಕ್ಕಿಂತ ದೊಡ್ಡ ಪೈಪ್ ರೆಂಚನ್ನು ಹೆಗಲ ಮೇಲೆ ಹೊತ್ತು ತಂದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಒಂದು ತಿರುವು ತಿರುವಿದರು ನೋಡಿ, ನಲ್ಲಿ ಮಾತ್ರವಲ್ಲ, ಗೋಡೆಯೊಳಗಿನ ಪೈಪಿನ ತುಂಡೂ ಅವರ ಕೈಗೆ ಬಂತು. ನೀರು ಎದುರಿನ ಗೋಡೆಗೆ ಹೊಡೆಯಿತು. ಮಾವ ರೆಂಚು ಹಿಡಿದುಕೊಂಡೇ, "ವಾಲ್ವ್ ಮುಚ್ರೋ! ವಾಲ್ವ್!" ಎಂದು ಕೂಗಿದರು. ವಾಲ್ವ್ ಇದ್ದದ್ದು ಲೈನಿನ ಕೊನೆಯಲ್ಲಿ. ನಮ್ಮ ಮನೆಯವರು ಓಡಿದರು. ನಾನು ಒಲೆಯ ಪಕ್ಕದಲ್ಲಿದ್ದ ಮುದ್ದೆ ಕೋಲಿನ ತುದಿಗೆ ಚಿಂದಿ ಸುತ್ತಿ, ಪೈಪಿನ ಬಾಯಿಗೆ ತುರುಕಿ, ಅದರ ತಲೆಯ ಮೇಲೆ ಒರಳಿನ ಗುಂಡಿನಿಂದ ಕುಟ್ಟಿದೆ. ನೀರು ನಿಂತಿತು.

ಎಲ್ಲರೂ ನೆಂದು ತೊಪ್ಪೆಯಾಗಿ ನಿಂತಿದ್ದೆವು. ಈಗ ಬಿಲ್ಲೆ ಗ್ಯಾರಂಟಿ ಎಂದುಕೊಂಡೆ. ಮಾವ ಮುದ್ದೆ ಕೋಲನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು.

"ಚೆನ್ನಾಗ್ ಆಕಿದ್ದೀಯ" ಎಂದರು. "ಆದ್ರೆ ಅದು ಟೂಲ್ ಅಲ್ವಲ್ಲಮ್ಮ, ಅಡಿಗೆ ಸಾಮಾನು."

ಅತ್ತೆ ಸೆರಗು ಹಿಂಡುತ್ತಾ, "ನಿನ್ ಟೂಲು ಮನೆ ಮುಳುಗಿಸ್ತು, ಅಡಿಗೆ ಸಾಮಾನು ಉಳಿಸ್ತು. ಬಾಯ್ ಮುಚ್ಕೊಂಡು ನೀರ್ ಬಳಿಯಯ್ಯ" ಎಂದರು. ಮಾವ ನೀರು ಬಳಿದರು. ಬಿಲ್ಲೆ ಕೊಡಲಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ಮಾವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ತಿಳಿದೀರಿ. ಕಬ್ಬಿಣದ ಮುಂದೆ ಅವರು ಬೇರೆಯೇ ಮನುಷ್ಯ. ಅಕ್ಕಪಕ್ಕದವರು ಸೈಕಲ್ಲು, ಪಂಪು, ಕಿಟಕಿಯ ಚಿಲಕ ಹೊತ್ತು ತಂದರೆ ಬಿಚ್ಚುವ ಮೊದಲು ಅದನ್ನು ಮಗುವಿನ ಮೈ ಮುಟ್ಟಿದ ಹಾಗೆ ಮುಟ್ಟಿ ನೋಡುತ್ತಿದ್ದರು. ನಾನು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಅವರ ಪಾಠ ಕೇಳುತ್ತಿದ್ದೆ. ಸಾಮಾನು ಒಬ್ಬರ ಕೈಗೆ ಕೊಡುವಾಗ ಹಿಡಿ ಅವರ ಕಡೆಗಿರಬೇಕು, ಬಾಯಿ ನಮ್ಮ ಕಡೆಗೆ. ಸ್ಕ್ರೂ ಡ್ರೈವರಿನಿಂದ ಡಬ್ಬದ ಮುಚ್ಚಳ ಎಬ್ಬಿಸಿದವನ ಮುಖ ನೋಡಬಾರದು. ಇನ್ನು, ತುಕ್ಕು ಹಿಡಿದ ನಟ್ಟನ್ನು ಬಿಚ್ಚಬೇಕೆಂದರೆ ಮೊದಲು ಕೂದಲೆಳೆಯಷ್ಟು ಬಿಗಿಯಬೇಕು. "ಬಿಗಿದ್ರೆ ಅದು ಅಳ್ಳಾಡ್ತದೆ ಕಣ್ಲಾ. ಅಳ್ಳಾಡಿದ್ ಮೇಲೆ ನೀನ್ ಏಳಿದಂಗೆ ಕೇಳ್ತದೆ" ಎಂದು ಹೇಳುತ್ತಿದ್ದರು. ಕೇಳಿ ಕೇಳಿ ಆ ಮಾತುಗಳು ನನಗೆ ಬಾಯಿಪಾಠವಾಗಿದ್ದವು.

ಒಂದು ದಿನ ಮಾವ, ಅತ್ತೆ ಕಾಮಸಮುದ್ರದ ಕಡೆ ನೆಂಟರ ಮದುವೆಗೆ ಹೋಗಿದ್ದರು. ನಮ್ಮ ಮನೆಯವರು ಎಂದಿನಂತೆ ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗಿದ್ದರು. ಬೂದಿಕೋಟೆಯಿಂದ ನನ್ನ ತಮ್ಮನ ಫೋನು ಬಂತು. ಮೇವು ಕತ್ತರಿಸುವ ಮಿಷನ್ನಿನ ಬ್ಲೇಡು ಮೊಂಡಾಗಿದೆ, ಸಾಣೆ ಹಿಡಿಸಲು ಬಿಚ್ಚೋಣವೆಂದರೆ ನಟ್ಟು ಜಪ್ಪಯ್ಯ ಎನ್ನುತ್ತಿಲ್ಲ, ಹಸುಗಳು ಕಡ್ಡಿ ಮೇವು ಮೂಸಿ ಬಿಡುತ್ತಿವೆ, ಮಾವಯ್ಯನನ್ನು ಕಳಿಸು ಎಂದ. ಮಾವಯ್ಯ ಇಲ್ಲ ಎಂದೆ. ಹಾಗಾದರೆ ಒಡೆದೇ ತೆಗೆಯುತ್ತೇನೆ ಎಂದ. "ಮುಟ್ಟಬೇಡ, ನಾನೇ ಬತ್ತೀನಿ" ಎಂದು ಫೋನಿಟ್ಟೆ.

ಹಲಗೆಯ ಮುಂದೆ ನಿಂತೆ. ಯಾವ ಸೈಜು ಬೇಕೋ ಗೊತ್ತಿಲ್ಲ, ಅದಕ್ಕೆ ಉದ್ದ ಹಿಡಿಯ ರಿಂಗ್ ಸ್ಪ್ಯಾನರುಗಳನ್ನು ನಾಲ್ಕಾರು ತೆಗೆದೆ. ಒಂದು ಸುತ್ತಿಗೆ ತೆಗೆದೆ. ಈಗ ಅವುಗಳ ಮೊಳೆಗಳೆಲ್ಲ ಖಾಲಿ. ಅತ್ತೆಯ ಬಿಲ್ಲೆ ಅತ್ತೆಯ ಬೀಗದ ಕೈ ಗೊಂಚಲಿನಲ್ಲಿ ಮದುವೆಗೆ ಹೋಗಿತ್ತು. ಬಿಲ್ಲೆ ಇಲ್ಲದೆ ಸಾಮಾನು ಒಯ್ಯುವುದೆಂದರೆ ಆ ಮನೆಯಲ್ಲಿ ದೀಪ ಹಚ್ಚದೆ ಹಬ್ಬ ಮಾಡಿದ ಹಾಗೆ. ಏನು ಮಾಡಲಿ ಎಂದು ಕೈ ಕೈ ಹಿಸುಕಿಕೊಂಡೆ. ಹಿಸುಕಿದ ಕೈಯಲ್ಲಿ ಬಳೆ ಸದ್ದಾಯಿತು. ಎಡಗೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಒಂದೊಂದು ಮೊಳೆಗೆ ಹಾಕಿದೆ. ನನ್ನದೆನ್ನುವುದು ಏನೋ ಒಂದು ಅಲ್ಲಿ ಇರಬೇಕಲ್ಲ. ಮೇವಿನ ಮಿಷನ್ನಿನ ನಟ್ಟು ಬಿಚ್ಚಲು ತೌರಿಗೆ ಹೋಗುತ್ತಿದ್ದೇನೆ, ಮಾವ ಬಂದರೆ ಹೇಳಿ ಎಂದು ಗೋಡೆಯ ತೂತಿನಿಂದ ಸೆಲ್ವಿಯಕ್ಕನಿಗೆ ಕೂಗಿ ಹೊರಟೆ.

ಊರಿಗಾಂನಿಂದ ಬಂದು ಬಂಗಾರಪೇಟೆಯಲ್ಲಿ ಬೂದಿಕೋಟೆಯ ಬಸ್ಸು ಹತ್ತಿದಾಗ ಚೀಲ ತೂತಾಗಿ ಸ್ಪ್ಯಾನರೊಂದು ಹೊರಗೆ ಇಣುಕುತ್ತಿತ್ತು. ಕಂಡಕ್ಟರು, "ಯಾರ್ ಮೇಲಮ್ಮ ಯುದ್ಧಕ್ಕೆ ಒಂಟಿದ್ದೀಯ?" ಎಂದ. "ತೌರಿಗೆ" ಎಂದೆ. ಬಸ್ಸಿನಲ್ಲಿದ್ದ ಗಂಡಸರೆಲ್ಲ ನನ್ನ ಅಣ್ಣತಮ್ಮಂದಿರ ಬಗ್ಗೆ ಮರುಕಪಟ್ಟರು.

ಮನೆ ಮುಟ್ಟಿದ ತಕ್ಷಣ ಅವ್ವ ನೋಡಿದ್ದು ಸ್ಪ್ಯಾನರನ್ನಲ್ಲ, ನನ್ನ ಎಡಗೈಯನ್ನು. "ಏನೇ ಇದು, ಮುತ್ತೈದೆ ಕೈ ಬೋಳು!" ಎಂದು ಗಾಬರಿಯಾದಳು. "ಅಡ ಇಟ್ಟು ಬಂದಿದ್ದೀನಿ, ಆಮೇಲೆ ಏಳ್ತೀನಿ" ಎಂದು ಕೊಟ್ಟಿಗೆಗೆ ನಡೆದೆ. ನನ್ನ ತಮ್ಮ ಜಾರುವ ಸ್ಪ್ಯಾನರು ಹಾಕಿ ಹಾಕಿ ಒಂದು ನಟ್ಟಿನ ಮೂಲೆಗಳನ್ನು ಸವೆಸಿದ್ದ. ಮಿಕ್ಕವು ಹೇಗೋ ಉಳಿದಿದ್ದವು. ನಟ್ಟಿಗೆ ಸೀಮೆಎಣ್ಣೆ ಬಿಟ್ಟೆ. ಸುತ್ತಿಗೆಯಿಂದ ಮೆಲ್ಲಗೆ ಸುತ್ತಲೂ ತಟ್ಟಿದೆ. ಕಾಫಿ ಕುಡಿದು ಬಂದೆ. ಸರಿಯಾಗಿ ಕೂರುವ ಸ್ಪ್ಯಾನರನ್ನು ಹಾಕಿ ಬಲಕ್ಕೆ ಒತ್ತಿದೆ.

"ಅಕ್ಕಾ! ಬಿಚ್ಚು ಅಂದ್ರೆ ಬಿಗೀತಾ ಇದ್ದೀಯಲ್ಲೇ!" ತಮ್ಮ ತಲೆಯ ಮೇಲೆ ಕೈ ಹೊತ್ತ.

ನನಗೂ ಒಳಗೊಳಗೇ ಹೆದರಿಕೆ. ಬೋಲ್ಟು ಮುರಿದರೆ ಮಿಷನ್ನೂ ಹೋಯಿತು, ಮಾವನ ಮಾತೂ ಹೋಯಿತು, ಬಿಲ್ಲೆಯಂತೂ ಈ ಜನ್ಮಕ್ಕಿಲ್ಲ. ಇನ್ನೊಂದು ಚೂರು ಒತ್ತಿದೆ. ಟಕ್ ಎಂದಿತು. ತುಕ್ಕು ಬಾಯಿ ಬಿಟ್ಟಿತು. ಆಮೇಲೆ ಎಡಕ್ಕೆ ಎಳೆದೆ. ಕಿರ್ರೆಂದು ಶುರುವಾದ ನಟ್ಟು ಕೊನೆಗೆ ಎರಡು ಬೆರಳಿಗೇ ಬಿಚ್ಚಿಕೊಂಡು ಬಂತು. ಒಂದಾದ ಮೇಲೊಂದು ಎಲ್ಲವೂ ಬಂದವು. ತಮ್ಮ ಸವೆಸಿದ್ದಕ್ಕೆ ಮಾತ್ರ ಸುತ್ತಿಗೆಯಿಂದ ಕುಟ್ಟಿ ಸ್ಪ್ಯಾನರು ಕೂರಿಸಬೇಕಾಯಿತು. ಅದೂ ಬಂತು.

ಅಪ್ಪ ಗೊಂತಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಲ್ಲ ನೋಡುತ್ತಿದ್ದ. ಆತ ಹೊಗಳುವ ಜಾತಿಯಲ್ಲ. ಹಸುವಿನ ಬೆನ್ನು ತಟ್ಟುತ್ತಾ ತಮ್ಮನಿಗೆ, "ನಿಮ್ಮಕ್ಕ ಫಿಟ್ಟರು ಕಣ್ಲಾ" ಎಂದ. ನಾನು ಆ ಕಡೆ ತಿರುಗಿ ನಟ್ಟುಗಳನ್ನು ಸೆರಗಿನಲ್ಲಿ ಒರೆಸತೊಡಗಿದೆ.

ಸಂಜೆ ಊರಿಗಾಂಗೆ ಬಂದಾಗ ಮಾವ, ಅತ್ತೆ ಮದುವೆಯಿಂದ ಬಂದಾಗಿತ್ತು. ಅತ್ತೆ ಬಾಗಿಲಲ್ಲೇ, "ಏನಮ್ಮಾ, ಬಳೆ ಅಂಗಡಿ ಇಟ್ಟಿದ್ದೀಯ?" ಎಂದು ನಕ್ಕರು. ಮಾವ ಹಲಗೆಯ ಮುಂದೆ ನಿಂತಿದ್ದರು. ಹಸಿರು ಹಲಗೆ, ಸ್ಪ್ಯಾನರಿನ ಬಿಳಿ ಆಕಾರಗಳು, ಒಂದೊಂದರ ಮೇಲೂ ಒಂದು ಕೆಂಪು ಬಳೆ. ಆಯುಧಪೂಜೆಯಲ್ಲೂ ಅದು ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ನಾನು ಸ್ಪ್ಯಾನರುಗಳನ್ನು ಒಂದೊಂದಾಗಿ, ಹಿಡಿ ಅವರ ಕಡೆ ಮಾಡಿ ಕೊಟ್ಟೆ. ಅವರು ಪ್ರತಿಯೊಂದರ ಬಾಯಿಯನ್ನೂ ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಒರೆಸಿ, ಮೊಳೆಗೆ ಹಾಕಿ, ಬಳೆ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಕೇಳಿದರು.

"ಮೊದ್ಲು ಬಿಗಿದ್ಯಾ?"

"ಬಿಗಿದೆ ಮಾವ."

"ಹೂಂ."

ಜೇಬಿಗೆ ಕೈ ಹಾಕಿ ಏನನ್ನೋ ತೆಗೆದರು. ಹೊಸ ಹಿತ್ತಾಳೆ, ಅಂಚಿನಲ್ಲಿ ಇನ್ನೂ ಅರದ ಪುಡಿ ಹಾಗೇ ಇತ್ತು. ನಾನು ಬಸ್ಸಿನಲ್ಲಿ ಬರುತ್ತಿದ್ದಾಗ ಕೂತು ಕತ್ತರಿಸಿದ್ದರು. ನಟ್ಟು ಬಂತೋ ಇಲ್ಲವೋ ಎಂದು ಅವರಿಗೆ ಇನ್ನೂ ಗೊತ್ತೇ ಇರಲಿಲ್ಲ, ನೋಡಿ. ಬಳೆ ಕಂಡೇ ಕತ್ತರಿಸಿದ್ದರು. "ಗಾಜು ಒಡ್ದೋಗ್ತದೆ ಕಣಮ್ಮ. ಇದು ಇಟ್ಕೋ" ಎಂದರು. ಚುಕ್ಕಿಗಳಲ್ಲಿ ಒಂದು ಹಸುವಿನ ತಲೆ. ಎರಡು ಕೊಂಬು, ಎರಡು ಕಿವಿ. ಸೆಲ್ವಿಯಕ್ಕ ನೋಡಿ ಮೇಕೆ ಎಂದರು. ನಮ್ಮ ಮನೆಯವರು ಈಗಲೂ ಮೇಕೆ ಎಂದೇ ವಾದಿಸುತ್ತಾರೆ. ಅದು ಹಸು. ನನಗೆ ಗೊತ್ತು.

ಆಮೇಲೆ ನಾವು ಬಂಗಾರಪೇಟೆಗೆ ಬಂದೆವು. ಟೆಂಪೋದಲ್ಲಿ ಮಂಚಕ್ಕಿಂತ ಮೊದಲು ಹಲಗೆ ಏರಿತು. ಇಲ್ಲಿಯ ಗೋಡೆ ಗಟ್ಟಿ, ಡ್ರಿಲ್ಲು ಆ ಕಡೆ ಬರುವುದಿಲ್ಲ, ಸಕ್ಕರೆಗೆ ಬಾಗಿಲವರೆಗೆ ಹೋಗಬೇಕು. ಮಾವನಿಗೆ ಈಗ ಕಣ್ಣು ಮಂಜು, ಆದ್ದರಿಂದ ಎಣ್ಣೆ ಹಾಕುವುದು, ಒರೆಸುವುದು ನನ್ನ ಪಾಲಿಗೆ ಬಂದಿದೆ. ಬೀದಿಯವರು ಸುತ್ತಿಗೆ ಕೇಳಲು ಬಂದರೆ ನಾನೇ ಕೊಡುತ್ತೇನೆ. ಬಿಲ್ಲೆಯ ಬದಲು ಏನಾದರೂ ಇಟ್ಟು ಹೋಗಿ ಎನ್ನುತ್ತೇನೆ. ಹಿಂದಿನ ಮನೆಯವರು ಒಮ್ಮೆ ತಮ್ಮ ಹಲ್ಲು ಸೆಟ್ಟನ್ನೇ ಇಡಲು ಹೊರಟಿದ್ದರು. ಇಷ್ಟಾದರೂ ಸ್ಟೋರ್ ಕೀಪರ್ ಮಾವನೇ ಎಂದು ನಾನು ತಿಳಿದಿದ್ದೆ.

ಕುಕ್ಕರನ್ನು ಕೆಳಗಿಟ್ಟು ಜಗಲಿಗೆ ಹೋದೆ. ಮಾವ ತೊಡೆಯ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ ಇಟ್ಟುಕೊಂಡು ಸ್ಕ್ರೂ ಡ್ರೈವರಿನಿಂದ ಅದರ ಮುಚ್ಚಳ ಎಬ್ಬಿಸುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು.

"ಬಿಲ್ಲೆ ಆಕಿದ್ದೀನಿ" ಎಂದರು, ನಾನು ಕೇಳುವ ಮೊದಲೇ.

"ನೋಡಿದೆ. ಅದ್ಯಾತರ ಕೆಲಸ ಮಾಡ್ತಾ ಇದ್ದೀರ ಅದ್ರಲ್ಲಿ?"

"ಮುಚ್ಚಳ ಬಿಗಿ ಆಗ್ಬುಟ್ಟಿತ್ತು ಕಣಮ್ಮ."

"ಡಬ್ಬ ಎಬ್ಬಿಸಿದವ್ರ ಮುಖ ನೋಡ್ಬಾರ್ದು ಅಂತ ಯಾರೋ ಏಳ್ತಿದ್ರು."

ಮಾವ ಸ್ಕ್ರೂ ಡ್ರೈವರಿನ ತುದಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಸಾಲದೆಂದು ಮತ್ತೆ ಒರೆಸಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. "ತುದಿ ಬಗ್ಗಿಲ್ಲ. ನೋಡ್ಕೋ ಬೇಕಾದ್ರೆ. ನೀನು ನೋಡಿ ಸರಿ ಅಂದ್ಮೇಲೆ ಬಿಲ್ಲೆ ಕೊಡು" ಎಂದು ನನ್ನತ್ತ ಚಾಚಿದರು.

ಹಿಡಿ ನನ್ನ ಕಡೆಗಿತ್ತು.